ಹಳದಿ ಮನೆಯಲ್ಲಿ ಹತ್ತೊಂಬತ್ತು ದಿನ

ನನ್ನ ಕಣ್ಣು ಹಳದಿಯಾಗಿದೆ ಎಂದು ಮೊದಲು ಹೇಳಿದವರು ಅಮೀನಗಡದ ಬಸ್ ನಿಲ್ದಾಣದ ಎದುರು ಕರದಂಟು ಮಾರುವ ಒಬ್ಬ ಹಿರಿಯರು. ಅವರಿಗೆ ನನ್ನ ಹೆಸರು ಗೊತ್ತಿರಲಿಲ್ಲ, ನನಗೆ ಅವರ ಹೆಸರು ಇವತ್ತಿಗೂ ಗೊತ್ತಿಲ್ಲ. ಬೇಸಿಗೆ ರಜೆಯ ಕೊನೆಯ ಶನಿವಾರ ಅದು. ನಾನು ಇಳಕಲ್‌ನ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಶಿಕ್ಷಕರ ತರಬೇತಿಗೆಂದು ನಮ್ಮೂರು ಹುನಗುಂದದಿಂದ ಬಾಗಲಕೋಟೆಗೆ ಹೊರಟಿದ್ದೆ. ಬಸ್ಸು ಹತ್ತು ನಿಮಿಷ ನಿಲ್ಲುತ್ತದೆ ಎಂದು ಕಂಡಕ್ಟರ್ ಹೇಳಿದ್ದಕ್ಕೆ ಇಳಿದು, ಜೊತೆಯವರಿಗೆಂದು ಅರ್ಧ ಕಿಲೋ ಕರದಂಟು ಕೇಳಿದೆ. ತೂಗುತ್ತಿದ್ದವರು ಕೈ ನಿಲ್ಲಿಸಿ ನನ್ನ ಮುಖ ನೋಡಿದರು.

“ಯವ್ವಾ, ಸ್ವಲ್ಪ ಈ ಕಡೆ ಬಿಸಲಿಗೆ ಬಾ.”

“ಯಾಕ್ರಿ?”

“ಬಾ ಅಂದ್ರ ಬಾ. ಮ್ಯಾಲ ನೋಡು. ಹೌದ ಮತ್ತ. ಕಣ್ಣಾಗ ಅರಿಷಿಣ ಕಲಿಸಿದಂಗ ಆಗೇತಲ್ಲವಾ. ಮನ್ಯಾಗ ಯಾರೂ ನೋಡಿಲ್ಲೇನು?”

“ಇಲ್ರಿ.”

“ಕಾಮಣಿ ಆಗೇತಿ ನಿನಗ. ಕರದಂಟ ಕೊಡಂಗಿಲ್ಲ ನಾ. ಇದರಾಗ ತುಪ್ಪ ಐತಿ.”

“ನನಗಲ್ರಿ, ಬ್ಯಾರೇದವರಿಗೆ.”

“ದಾರ್ಯಾಗ ಒಂದ ತಿಂದಬಿಡ್ತಿ ನೀ, ನನಗ ಗೊತ್ತಿಲ್ಲೇನು? ಮೊದಲ ಮನಿಗೆ ಹೋಗು.”

ಕಾಮಣಿ ಎಂದರೆ ನಮ್ಮ ಕಡೆ ಕಾಮಾಲೆ. ನಾನು ಮೊಬೈಲಿನ ಕ್ಯಾಮೆರಾವನ್ನು ಮುಖಕ್ಕೆ ತಿರುಗಿಸಿ ಬಿಸಿಲಿನಲ್ಲಿ ನಿಂತು ನೋಡಿಕೊಂಡೆ. ಕಣ್ಣಿನ ಬಿಳಿ ಭಾಗ ಹಣ್ಣಾದ ನಿಂಬೆಯ ಸಿಪ್ಪೆಯಂತಿತ್ತು. ಬಾಗಲಕೋಟೆಯ ಬಸ್ಸು ಹೋಗಲು ಬಿಟ್ಟು, ಎದುರಿನಿಂದ ಬಂದ ಹುನಗುಂದದ ಬಸ್ಸು ಹತ್ತಿದೆ.

ಬಸ್ಸಿನಲ್ಲಿ ನನ್ನ ದಿನಚರಿ ತೆಗೆದು ಹಿಂದಿನ ಪುಟಗಳನ್ನು ಓದಿದೆ. ಹತ್ತೊಂಬತ್ತು ದಿನಗಳಲ್ಲಿ ‘ಹೊಟ್ಟೆ ತೊಳಸಿತು’ ಎಂದು ಹನ್ನೊಂದು ಸಲ ಬರೆದಿದ್ದೆ. ‘ಊಟ ಬೇಡವೆನಿಸಿತು’ ಎಂದು ಹದಿಮೂರು ಸಲ. ‘ಮೈ ತುರಿಕೆ’ ಆರು ಸಲ. ಪ್ರತಿ ಸಲವೂ ಅದರ ಮುಂದೆ ಒಂದೇ ಕಾರಣವಿತ್ತು: ಬಣ್ಣದ ವಾಸನೆ. ಇಲ್ಲವೆಂದರೆ ಬಿಸಿಲು.

ಏಕೆಂದರೆ ಆ ಹತ್ತೊಂಬತ್ತು ದಿನಗಳ ಹಿಂದೆ ನಮ್ಮ ಮನೆಗೆ ಬಣ್ಣ ಹಚ್ಚುವುದು ಮುಗಿದಿತ್ತು.

ನಮ್ಮದು ನದಾಫರ ಮನೆ. ಮನೆಯಲ್ಲಿ ನಾವು ಮೂವರೇ, ಆಡುವುದು ಕನ್ನಡ. ಅಜ್ಜ ಹತ್ತಿ ಹಿಂಜಿ ಗಾದಿ ತುಂಬುತ್ತಿದ್ದ. ಅಪ್ಪ ಗೋಡೆಗೆ ಬಣ್ಣ ಹಚ್ಚುವ ಕೆಲಸ ಹಿಡಿದು ಇಪ್ಪತ್ತೆಂಟು ವರ್ಷ. ಹುನಗುಂದದಿಂದ ಇಳಕಲ್‌ವರೆಗೆ ಅವನನ್ನು ಪೇಂಟರ್ ದಾವಲಣ್ಣ ಎಂದರೆ ಎಲ್ಲರಿಗೂ ಗೊತ್ತು. ಹಳೆಯ ಗೋಡೆಯ ಒಂದು ಚೂರು ಕೆತ್ತಿ ತಂದುಕೊಟ್ಟರೆ ಸಾಕು, ಅದೇ ಬಣ್ಣವನ್ನು ಯಂತ್ರವಿಲ್ಲದೆ ಬಕೆಟ್ಟಿನಲ್ಲಿ ಕಲಸಿಕೊಡುತ್ತಾನೆ. ಊರಿನವರ ಮನೆಗಳಿಗೆಲ್ಲ ಹಚ್ಚಿದವನು ನಮ್ಮ ಮನೆಯನ್ನು ಮಾತ್ರ ಮುಂದೂಡುತ್ತಲೇ ಬಂದಿದ್ದ. ಎರಡೂ ಕಡೆ ಬೇರೆಯವರ ಗೋಡೆ ಅಂಟಿಕೊಂಡಿರುವ ಉದ್ದನೆಯ ಕಲ್ಲಿನ ಮನೆ ನಮ್ಮದು. ಪಡಸಾಲೆ, ನಡುಮನೆ, ಅಡುಗೆಮನೆ ಒಂದರ ಹಿಂದೊಂದು. ಬೆಳಕು ಬರುವುದು ಮುಂದಿನ ಬಾಗಿಲಿನಿಂದ ಮತ್ತು ಮಾಳಿಗೆಯ ಒಂದು ಬೆಳಕಿಂಡಿಯಿಂದ. ಅವ್ವ ಹಗಲಲ್ಲೂ ದೀಪ ಹಾಕಿಕೊಂಡೇ ರೊಟ್ಟಿ ಬಡಿಯುತ್ತಿದ್ದಳು.

“ಕತ್ತಲ ಮನಿಗೆ ಬಿಳಿ ಹಚ್ಚಿದ್ರ ಬೂದಿ ಕಂಡಂಗ ಕಾಣತೈತಿ,” ಎಂದು ಅಪ್ಪ ಹೇಳುತ್ತಿದ್ದ. “ಹಳದಿ ಹಚ್ಚಬೇಕು. ಬರೇ ಹಳದಿ ಅಲ್ಲ, ಒಂಚೂರು ಕೆಂಪ ಬೆರೆಸಿದ ಬೆಚ್ಚನ್ನ ಹಳದಿ. ಆವಾಗ ಗ್ವಾಡಿಯಿಂದನ ಬೆಳಕ ಬರತೈತಿ.”

ಆ ರಜೆಯಲ್ಲಿ ಹಚ್ಚಿದ. ಬಿಳಿ ಬಣ್ಣಕ್ಕೆ ಸ್ಟೇನರ್ ಎಂಬ ಗಾಢ ಹಳದಿ ದ್ರವ ಸುರಿದು, ಕೆಂಪಿನ ಹನಿಗಳನ್ನು ನಾನು ಎಣಿಸುತ್ತಿದ್ದಂತೆ ಒಂದೊಂದೇ ಬಿಟ್ಟ. ಬಕೆಟ್ಟಿಗೆ ಹದಿನಾಲ್ಕು. ಎರಡು ಕೋಟು ಹೊಡೆದ. ಮೂರೂ ಕೋಣೆಗೆ, ಮಾಳಿಗೆಯ ಒಳಮೈಗೆ, ಗೂಡುಗಳ ಒಳಗೆ ಕೂಡ ಅದೇ ಬಣ್ಣ. ಮುಗಿದ ದಿನ ಅವ್ವ ದೀಪ ಹಾಕದೆ ಅಡುಗೆ ಮಾಡಿದಳು. ಕೈಯಲ್ಲಿ ಹಿಟ್ಟು ಹಿಡಿದುಕೊಂಡೇ ಹೊರಗೆ ಬಂದು, “ಏನ್ರಿ, ರೊಟ್ಟಿ ಹೊತ್ತೂದು ಕಾಣಾಕತ್ತೈತಿ ನೋಡ್ರಿ,” ಎಂದಳು. ಅಪ್ಪನಿಗೆ ಅದಕ್ಕಿಂತ ದೊಡ್ಡ ಹೊಗಳಿಕೆ ಬೇಕಿರಲಿಲ್ಲ.

ಆ ಮನೆಯಲ್ಲಿ ನಮ್ಮ ಮೂವರ ಮುಖವೂ ಹಳದಿಯಾಗಿಯೇ ಕಾಣುತ್ತಿತ್ತು. ಅಕ್ಕಿ ಹಳದಿ, ಹಾಲು ಹಳದಿ, ನನ್ನ ನೋಟುಬುಕ್ಕಿನ ಹಾಳೆ ಹಳದಿ. ಎರಡು ದಿನದಲ್ಲಿ ಕಣ್ಣು ಅದಕ್ಕೆ ಒಗ್ಗಿಬಿಟ್ಟಿತು. ಹೊರಗೆ ಸುಡುಬಿಸಿಲು, ಶಾಲೆಗೆ ರಜೆ. ನಾನು ಹೊರಬೀಳುತ್ತಿದ್ದದ್ದು ಹೊತ್ತು ಮುಳುಗಿದ ಮೇಲೆ. ಹೀಗಾಗಿ ಬಣ್ಣದ ವಾಸನೆ ನನ್ನ ಹೊಟ್ಟೆಯ ತೊಂದರೆಗೆ ಕಾರಣ ಕೊಟ್ಟಿತು, ಬಣ್ಣ ನನ್ನ ಕಣ್ಣನ್ನು ಮುಚ್ಚಿಟ್ಟಿತು.

ಮನೆಗೆ ಬಂದು ಹೇಳಿದಾಗ ಅಪ್ಪ ನಕ್ಕ. ಪಡಸಾಲೆಯಲ್ಲಿ ಕೂರಿಸಿ, ಕೆಳರೆಪ್ಪೆ ಎಳೆದು, ಬ್ಯಾಟರಿ ಬಿಟ್ಟು ನೋಡಿದ.

“ಏನೂ ಇಲ್ಲ. ಬೆಳ್ಳಗ ಅದಾವ. ಅಂವಾ ಕರದಂಟ ಮಾರಾಂವ, ಅಂವಗೇನ ಗೊತ್ತು?”

“ಹೊರಗ ಬಾ ಅಪ್ಪಾ.”

ಕಟ್ಟೆಯ ಮೇಲೆ ನಿಲ್ಲಿಸಿ ಮತ್ತೆ ನೋಡಿದ. ನಗು ನಿಂತಿತು. ಕೈ ಹಿಡಿದು ಒಳಗೆ ಕರೆದೊಯ್ದು ನೋಡಿದ, ಮತ್ತೆ ಹೊರಗೆ ತಂದು ನೋಡಿದ. ಮೂರು ಸಲ ಹಾಗೆ ಮಾಡಿದ. ಆಮೇಲೆ ಕಟ್ಟೆಯ ಮೇಲೆ ಕುಳಿತುಬಿಟ್ಟ. ಇಪ್ಪತ್ತೆಂಟು ವರ್ಷ ಬಣ್ಣ ನೋಡಿದ ಕಣ್ಣು ಅವನದು. ಒಂದೇ ಸೂರಿನ ಕೆಳಗಿದ್ದ ಮಗಳ ಕಣ್ಣಿನ ಬಣ್ಣ ಅದಕ್ಕೆ ಕಂಡಿರಲಿಲ್ಲ. ಅವನು ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ನಾನೂ ಹೇಳಲಿಲ್ಲ.

ನಮ್ಮ ಕಡೆ ಕಾಮಣಿಗೆ ದವಾಖಾನೆಗೆ ಹೋಗುವವರು ಕಡಿಮೆ. ಮಹಾಕೂಟದ ಹತ್ತಿರದ ಒಂದು ಊರಿನಲ್ಲಿ ಅಜ್ಜನೊಬ್ಬ ಸೊಪ್ಪಿನ ಔಷಧ ಕೊಡುತ್ತಾನೆ, ಭಾನುವಾರ ಮಾತ್ರ, ಬರಿಹೊಟ್ಟೆಗೆ. ಅವ್ವನಿಗೆ ಅವಳ ಹನ್ನೆರಡನೇ ವಯಸ್ಸಿನಲ್ಲಿ ಅದೇ ಮನೆಯ ಔಷಧದಿಂದ ವಾಸಿಯಾಗಿತ್ತು. ಹಾಗಾಗಿ ಮರುದಿನ ಮೊದಲ ಬಸ್ಸಿಗೆ ಬಾದಾಮಿಗೆ ಹೋಗಿ, ಅಲ್ಲಿಂದ ಟಂಟಂ ರಿಕ್ಷಾ ಹಿಡಿದೆವು. ಅಜ್ಜನ ಅಂಗಳದಲ್ಲಿ ನನಗಿಂತ ಮೊದಲು ಹದಿನೇಳು ಜನ ಕುಳಿತಿದ್ದರು. ಅಜ್ಜ ನನ್ನ ಉಗುರು ಒತ್ತಿ ನೋಡಿ, ಅಂಗೈಯಗಲ ಹಸಿರು ಮುದ್ದೆಯನ್ನು ಮಜ್ಜಿಗೆಯಲ್ಲಿ ಕದಡಿ ಕುಡಿಸಿದ. ಕಾಣಿಕೆಯೆಂದರೆ ಒಂದು ತೆಂಗಿನಕಾಯಿ. ಪಥ್ಯ ಹೇಳಿದ: ಎಣ್ಣೆ ಬೇಡ, ಕರಿದದ್ದು ಬೇಡ, ಅರಿಷಿಣ ಬೇಡ.

ಬರುವಾಗ ಬಸ್ಸಿನಲ್ಲಿ ಅವ್ವ ಯೋಚಿಸುತ್ತ ಕುಳಿತಿದ್ದಳು.

“ರೇಷ್ಮಾ, ಅರಿಷಿಣ ಬ್ಯಾಡ ಅಂದ್ರ ತಿನ್ನಾಕಷ್ಟ ಬ್ಯಾಡ ಅಂದನೋ, ನೋಡಾಕೂ ಬ್ಯಾಡ ಅಂದನೋ?”

“ತಿನ್ನಾಕವಾ.”

“ನೀ ಕೇಳಲಿಲ್ಲಲ್ಲ. ಕೇಳಬೇಕಾಗಿತ್ತು.”

ಮನೆ ಮುಟ್ಟಿದ ಮೇಲೆ ಅವ್ವ ಪೆಟ್ಟಿಗೆ ತೆಗೆದಳು. ನಾಲ್ಕು ಬಿಳಿ ಚಾದರ, ತೀರಿಹೋದ ನಮ್ಮ ಅಜ್ಜನ ಎರಡು ಧೋತರ, ಅಪ್ಪನ ಒಂದು ಲುಂಗಿ. ನಾನು ಮಲಗುವ ನಡುಮನೆಯ ನಾಲ್ಕು ಗೋಡೆಗೂ ಮೊಳೆ ಹೊಡೆದು ಕಟ್ಟಿದಳು. ಹೊಸ ಬಣ್ಣಕ್ಕೆ ಮೊಳೆ ಹೊಡೆಯುವಾಗ ಅಪ್ಪ ನಿಂತು ನೋಡಿದ, ಬೇಡ ಅನ್ನಲಿಲ್ಲ. ಮೊಳೆ ಸಾಲದಾದಾಗ ತಾನೇ ಒಂದು ಹಿಡಿ ತಂದುಕೊಟ್ಟ. ಪಕ್ಕದ ಮನೆಯ ಶರಣವ್ವ ನೋಡಲು ಬಂದವಳು ಬಾಗಿಲಲ್ಲೇ ನಿಂತು, “ಏನ ದಾವಲಣ್ಣ, ಮನಿ ತುಂಬ ಅರಿಷಿಣ ಬಡದಿ. ಹುಡಿಗೀಗೆ ಕಾಮಣಿ ಬರದ ಮತ್ತೇನ ಬರತೈತಿ?” ಎಂದಳು. ಅವಳು ತಮಾಷೆಗೆ ಅಂದದ್ದು. ಅಪ್ಪ ಆ ದಿನ ಊಟ ಮಾಡಲಿಲ್ಲ.

ಎರಡನೇ ಭಾನುವಾರವೂ ಹೋದೆವು. ಅಷ್ಟರಲ್ಲಿ ತುರಿಕೆ ಎಷ್ಟು ಹೆಚ್ಚಿತ್ತೆಂದರೆ ಅವ್ವ ನನ್ನ ಉಗುರುಗಳನ್ನು ಚರ್ಮ ತಾಗುವಷ್ಟು ಕತ್ತರಿಸಿದ್ದಳು. ನಾನು ದಿನಕ್ಕೆ ಎಷ್ಟು ತುತ್ತು ಉಂಡೆ ಎಂದು ಬರೆದಿಡತೊಡಗಿದ್ದೆ: ಹದಿನಾಲ್ಕು, ಹನ್ನೊಂದು, ಒಂಬತ್ತು. ನನಗೆ ಭಯವಾಗತೊಡಗಿದ್ದು ನೋವಿನಿಂದಲ್ಲ, ಈ ಇಳಿಯುವ ಅಂಕಿಗಳಿಂದ. ಆದರೂ ಅವ್ವನ ನಂಬಿಕೆಯ ಎದುರು ಮಾತಾಡಲು ನನಗೆ ಬಾಯಿ ಬರಲಿಲ್ಲ.

ಮೂರನೇ ಭಾನುವಾರ ಅಜ್ಜ ನನ್ನನ್ನು ಸಾಲಿನಿಂದ ಎಬ್ಬಿಸಿ ಬೆಳಕಿಗೆ ಕರೆದ. ಬಹಳ ಹೊತ್ತು ನೋಡಿದ. ಹೊಟ್ಟೆಯ ಬಲಮಗ್ಗುಲನ್ನು ಬೆರಳಿನಿಂದ ಮೆಲ್ಲಗೆ ಒತ್ತಿದ. ಅವ್ವ ಕೊಟ್ಟ ತೆಂಗಿನಕಾಯಿಯನ್ನು ಅವಳ ಕೈಗೇ ತಿರುಗಿ ಇಟ್ಟ.

“ನಂದು ಔಷಧ ಎರಡ ಸಲಕ್ಕ ಹತ್ತಬೇಕು, ತಂಗಿ. ಹತ್ತಿಲ್ಲ ಅಂದ್ರ ಇದು ನನ್ನ ಕೈಯಾಗಿಂದಲ್ಲ. ಇವತ್ತ ಏನೂ ಕೊಡಂಗಿಲ್ಲ ನಾ. ಬಾಗಲಕೋಟಿಗೆ ಕರಕೊಂಡ ಹೋಗ್ರಿ. ನಾಳಿ ಅನಬ್ಯಾಡ್ರಿ.”

ಅವನ ಮೇಲೆ ಸಿಟ್ಟು ಮಾಡಬೇಕೆಂದು ಆಮೇಲೆ ಹಲವರು ಹೇಳಿದರು. ನನಗೆ ಆಗಲಿಲ್ಲ. ಇದು ತನ್ನಿಂದಾಗದು ಎಂದು ಒಪ್ಪಿಕೊಂಡ, ಹದಿನೈದು ಜನರ ಎದುರು ಒಪ್ಪಿಕೊಂಡ. ನನಗೆ ಸಿಕ್ಕ ಸಣ್ಣ ದಯೆಗಳ ಪಟ್ಟಿಯಲ್ಲಿ ಕರದಂಟಿನವರ ಕೆಳಗೆ ಅವನೂ ಇದ್ದಾನೆ. ಕಳೆದುಹೋದ ಹದಿನೈದು ದಿನಗಳನ್ನೂ ಬರೆದಿಟ್ಟಿದ್ದೇನೆ. ಎರಡೂ ನಿಜ.

ಭಾನುವಾರ ಹೊರರೋಗಿಗಳನ್ನು ನೋಡುವುದಿಲ್ಲವೆಂದು ಸೋಮವಾರ ಹೋದೆವು. ಬಾಗಲಕೋಟೆಯ ಆಸ್ಪತ್ರೆಯಲ್ಲಿ ನನ್ನ ಚೀಟಿಯ ಸಂಖ್ಯೆ ನಲವತ್ತೊಂದು. ಕಾಯುವ ಕೋಣೆಯಲ್ಲಿ ಕೂರಲು ಜಾಗವಿರಲಿಲ್ಲ. ಅಪ್ಪ ಗೋಡೆಗೆ ಒರಗಿ ನಿಂತವನು ಅಭ್ಯಾಸಬಲದಿಂದ ಗೋಡೆ ಸವರಿದ.

“ಪುಟ್ಟಿ ಬರೋಬ್ಬರಿ ತಿಕ್ಕಿಲ್ಲ. ಪ್ರೈಮರ್ ಒಣಗಾಕ ಬಿಟ್ಟಿಲ್ಲ ನೋಡು, ಹೆಂಗ ಗುಳ್ಳಿ ಎದ್ದಾವ.”

“ಸುಮ್ನಿರ್ರಿ,” ಎಂದು ಅವ್ವ ಗದರಿದಳು. “ಕೆಲಸಾ ಕೇಳಾಕ ಬಂದಂಗ ಮಾಡಬ್ಯಾಡ್ರಿ.”

ತುಳಸಿಗೇರಿ ಕಡೆಯ ಒಬ್ಬ ಅಜ್ಜಿ ಬೆಂಚಿನ ಮೇಲೆ ಸರಿದು ನನಗೆ ಜಾಗ ಕೊಟ್ಟಳು. “ನಿನ್ನ ನಂಬರ ಎಷ್ಟವಾ?” ಎಂದು ಕೇಳಿದಳು. ಹೇಳಿದೆ. “ನಂದು ಇಪ್ಪತ್ತೆಂಟು. ತಗೋ, ನೀ ನನ್ನ ಚೀಟಿ ತಗೊಂಡ ಮುಂದ ಹೋಗು. ನನಗೇನು ಒಲಿ ಮ್ಯಾಲ ಹಾಲ ಉಕ್ಕಾಕತ್ತಾವೇನು?” ಹದಿಮೂರು ಸಂಖ್ಯೆಗಳನ್ನು ಆಕೆ ನನಗೆ ಹಾಗೆ ಸುಮ್ಮನೆ ಕೊಟ್ಟಳು. ನಾನು ಅಪ್ಪನ ಜೊತೆ ಒಳಗೆ ಹೋಗುವಾಗ ಅವ್ವ ಅವಳ ಪಕ್ಕ ಕುಳಿತು ಅಳುತ್ತಿದ್ದಳು, ಆಕೆ ತನ್ನ ಎಕ್ಸ್‌ರೇ ಲಕೋಟೆಯಿಂದ ಅವ್ವನಿಗೆ ಗಾಳಿ ಹಾಕುತ್ತಿದ್ದಳು.

ಡಾಕ್ಟರ್ ಮಧ್ಯವಯಸ್ಸಿನ ಹೆಂಗಸು. ಮೇಜಿನ ದೀಪ ಆರಿಸಿ ನನ್ನನ್ನು ಕಿಟಕಿಗೆ ಕರೆದೊಯ್ದರು.

“ಎಷ್ಟ ದಿವಸ ಆತು?”

“ಗೊತ್ತಾಗಿ ಹದಿನಾರು ದಿವಸ ರಿ. ತ್ರಾಸ ಸುರು ಆಗಿ ಮೂವತ್ತೈದು.”

“ಇಷ್ಟ ಹಳದಿ ಆಗೂತನ ಮನ್ಯಾಗ ಯಾರಿಗೂ ಕಾಣಲಿಲ್ಲ?”

ನಾನು ಉತ್ತರಿಸುವ ಮೊದಲೇ ಅಪ್ಪ ಹೇಳಿದ: “ಮನಿಗೆ ಹಳದಿ ಬಣ್ಣ ಹಚ್ಚೇನ್ರಿ. ಪೂರ್ತಿ. ನಾನ ಹಚ್ಚೇನಿ.” ಆಮೇಲೆ ಧ್ವನಿ ತಗ್ಗಿಸಿ ಕೇಳಿದ, “ಅದರಿಂದ ಬಂದಿರಬಹುದೇನ್ರಿ ಮೇಡಂ?”

ಅವರು ನಗಲಿಲ್ಲ. ಅದಕ್ಕಾಗಿ ನಾನು ಅವರಿಗೆ ಇವತ್ತಿಗೂ ಋಣಿ. “ಬಣ್ಣದಿಂದ ಬರಂಗಿಲ್ಲ, ಯಜಮಾನ್ರ. ಹಳದಿ ಗ್ವಾಡಿ ನಡುವ ಹಳದಿ ಕಣ್ಣ ಕಾಣಸಂಗಿಲ್ಲ, ಅಷ್ಟ. ನಾವು ಡಾಕ್ಟರ್‌ಗೋಳೂ ಕಿಟಕಿ ಹತ್ರ ಒಯ್ದ ನೋಡ್ತೇವಿ.”

ಹನ್ನೊಂದು ದಿನ ಅಲ್ಲಿದ್ದೆ. ರಕ್ತ ತೆಗೆದದ್ದು ಹದಿನಾಲ್ಕು ಸಲ. ಒಂದು ದಿನ ಪಕ್ಕೆಲುಬುಗಳ ನಡುವೆ ಸೂಜಿ ಹಾಕಿ ಯಕೃತ್ತಿನ ಎಳೆಯಷ್ಟು ಚೂರು ತೆಗೆದರು. ಸೂಜಿಗಿಂತ ಕಷ್ಟವಾದದ್ದು ಆಮೇಲೆ ಆರು ತಾಸು ಬಲಮಗ್ಗುಲಾಗಿ ಅಲುಗದೆ ಮಲಗಿರುವುದು. ಅವ್ವ ನನ್ನ ಎದುರು ನೆಲದ ಮೇಲೆ ಕುಳಿತು, ನನ್ನ ಕಣ್ಣಿನ ಮಟ್ಟಕ್ಕೆ ತಲೆ ತಂದು, ನೆಂಟರಲ್ಲಿ ಯಾರ ಯಾರ ಮದುವೆಯಲ್ಲಿ ಯಾವ ಊಟ ಕೆಟ್ಟಿತ್ತು ಎಂಬುದನ್ನು ಹೇಳುತ್ತ ಆರು ತಾಸು ಕಳೆದಳು. ಹನ್ನೆರಡು ಮದುವೆಗಳಾದವು.

ಪರೀಕ್ಷೆಯ ಫಲ ಬಂದ ದಿನ ಡಾಕ್ಟರ್ ಹಾಸಿಗೆಯ ಅಂಚಿನಲ್ಲಿ ಕುಳಿತು ಹೇಳಿದರು. ಇದು ನೀರಿನಿಂದ ಬಂದ ಕಾಮಣಿ ಅಲ್ಲ, ಹರಡುವುದೂ ಅಲ್ಲ. ನನ್ನ ಮೈಯೇ ನನ್ನ ಯಕೃತ್ತನ್ನು ಪರಕೀಯವೆಂದು ತಿಳಿದು ಕಾದಾಡುತ್ತಿದೆ. ಮಾತ್ರೆಗಳಿಂದ ಅದನ್ನು ಸುಮ್ಮನಿರಿಸಬಹುದು.

“ಎಷ್ಟ ದಿವಸ ತಗೋಬೇಕ್ರಿ ಗುಳಿಗಿ?” ಎಂದು ಕೇಳಿದೆ.

“ದಿವಸದ ಲೆಕ್ಕ ಬಿಡವಾ. ವರ್ಷದ ಲೆಕ್ಕ ಹಿಡಿ. ಕೆಲವರಿಗೆ ನಿಲ್ಲಸ್ತೇವಿ, ಕೆಲವರಿಗೆ ಕೊನೀತನ ಬೇಕಾಗತಾವ. ನಿನಗ ಹೆಂಗ ಅಂತ ಈಗ ಹೇಳಾಕ ಬರಂಗಿಲ್ಲ. ಗುಳಿಗಿ ಕಡಿಮಿ ಮಾಡುವಾಗ ತಿರುಗಿ ಬರಬಹುದು. ಬಂದ್ರ ಲಗೂನ ಗೊತ್ತಾಗಬೇಕು. ತಡಾ ಆತಂದ್ರ ಯಕೃತ್ತ ಕೆಡತೈತಿ. ದಿನಾ ಕಣ್ಣ ನೋಡಕೋತ ಇರ್ರಿ, ಹೊರಗಿನ ಬೆಳಕಿನಾಗ.”

ಆ ದಿನ ನನ್ನ ದಿನಚರಿಯಲ್ಲಿ ಎರಡೇ ಸಾಲಿವೆ. ‘ತಿರುಗಿ ಬರಬಹುದು. ಯಾರು ನೋಡುತ್ತಾರೆ?’

ಅವ್ವನ ಚಿಂತೆ ಬೇರೆಯಿತ್ತು. “ಯಾರ ಮುಂದೂ ವರ್ಷಗಟ್ಟಲೆ ಗುಳಿಗಿ ಅಂತ ಹೇಳಬ್ಯಾಡ,” ಎಂದು ಪಿಸುಗುಟ್ಟಿದಳು. “ಕಾಮಣಿ ಆಗಿತ್ತು, ಆರಾಮ ಆತು, ಅಷ್ಟ ಅನ್ನು. ನಾಳೆ ಸಂಬಂಧ ಕೇಳಾಕ ಬರೋರು...” ನಾನು ಇದನ್ನು ಬರೆಯುವ ಮೊದಲು ಅವಳನ್ನು ಕೇಳಿದೆ. “ಬರಿ. ಮುಚ್ಚಿಟ್ಟ ಏನ ಸುಖಾ ಕಂಡೇವಿ?” ಎಂದಳು.

ಆಸ್ಪತ್ರೆಯ ಎಂಟನೇ ದಿನ ಅಪ್ಪ ಬಟ್ಟೆ ತರಲು ಹುನಗುಂದಕ್ಕೆ ಹೋಗಿದ್ದ. ಮರುದಿನ ಬಂದಾಗ ಅವನ ಉಗುರುಸಂದಿಯಲ್ಲಿ ಬಿಳಿ ಬಣ್ಣವಿತ್ತು. ಮನೆಗೆ ಬಂದ ಮೇಲೆ ಕಂಡೆ: ಅವ್ವ ಕಟ್ಟಿದ್ದ ಚಾದರ, ಧೋತರಗಳು ಇಳಿದಿದ್ದವು. ನಡುಮನೆಯ ಎರಡು ಗೋಡೆಗೆ ಬಿಳಿ ಪ್ರೈಮರ್ ಬಿದ್ದಿತ್ತು. ಕೋಣೆ ಅಪ್ಪ ಹೇಳುತ್ತಿದ್ದ ಹಾಗೆಯೇ ಬೂದಿಯಾಗಿತ್ತು.

“ಅಪ್ಪಾ, ಇದನ್ನ ತಿರುಗಿ ಹಳದಿ ಮಾಡು.”

“ಬ್ಯಾಡ.”

“ಬಣ್ಣದಿಂದ ಬರಂಗಿಲ್ಲ ಅಂತ ಡಾಕ್ಟರ್ ಹೇಳಿಲ್ಲೇನು?”

“ಬರಂಗಿಲ್ಲ ಅಂದ್ರು. ಮುಚ್ಚತೈತಿ ಅಂತನೂ ಅವರ ಅಂದ್ರು. ಪೂರಾ ಮನಿ ಬಿಳಿ ಮಾಡ್ತೇನಿ ನಾ. ಕತ್ತಲಾದ್ರ ಆಗಲಿ.”

“ಕತ್ತಲಾದ್ರ ಮತ್ತ ಹೆಂಗ ಕಾಣತೈತಿ ಕಣ್ಣು?”

ಅವ್ವ ಒಳಗಿನಿಂದ, “ನನಗೂ ರೊಟ್ಟಿ ಹೊತ್ತೂದು ಕಾಣಬೇಕು,” ಎಂದು ಕೂಗಿದಳು. ನಾನು ಹೇಳಿದೆ, “ನೀ ಒಳಗ ಯಾಕ ನೋಡ್ತಿ? ಕೆಲಸಕ್ಕ ಹೋಗೂ ಮುಂದ ದಿನಾ ಕಟ್ಟಿ ಮ್ಯಾಲ ನೋಡು.”

ಎರಡು ದಿನ ಬಿಟ್ಟು ಆ ಗೋಡೆಗಳಿಗೆ ಮತ್ತೆ ಹಳದಿ ಹಚ್ಚಿದ. ಈ ಸಲ ಕೆಂಪಿನ ಹನಿಗಳನ್ನು ಎಣಿಸಲು ನನ್ನನ್ನು ಕರೆಯಲಿಲ್ಲ. ಊರಿನ ಬೇರೆ ಯಾರ ಮನೆಗೂ ಆ ಬಣ್ಣ ಕಲಸಿಕೊಡುವುದನ್ನು ನಿಲ್ಲಿಸಿದ. ಯಾರಾದರೂ ಹಳದಿ ಕೇಳಿದರೆ, “ಅದ ಬ್ಯಾಡ್ರಿ, ಲಗೂನ ಮಾಸತೈತಿ,” ಎಂದು ಸುಳ್ಳು ಹೇಳುತ್ತಿದ್ದ.

ಮೊದಲ ದಿನ ಕಟ್ಟೆಯ ಮೇಲೆ ನನ್ನ ಕಣ್ಣು ನೋಡಿ, “ಸ್ವಲ್ಪ ಕಡಿಮಿ ಆದಂಗ ಐತಿ,” ಎಂದ.

“ಸ್ವಲ್ಪ ಅಂದ್ರ ಎಷ್ಟು?” ಎಂದೆ. ‘ಸ್ವಲ್ಪ’ ಎಂದು ಬರೆದರೆ ನಾಳೆಯ ‘ಸ್ವಲ್ಪ’ದ ಜೊತೆ ಹೋಲಿಸುವುದು ಹೇಗೆ?

ಅಪ್ಪ ಯೋಚಿಸಿ ತನ್ನ ಚೀಲದಿಂದ ಶೇಡ್ ಕಾರ್ಡ್ ತಂದ. ಗಿರಾಕಿಗಳಿಗೆ ಬಣ್ಣ ತೋರಿಸುವ ಆ ಮಡಿಕೆಯ ಕಾಗದದಲ್ಲಿ ಬಿಳಿಯಿಂದ ಹಳದಿಗೆ ಹೋಗುವ ಒಂದು ಸಾಲು ಇರುತ್ತದೆ. ಅದನ್ನು ಕತ್ತರಿಸಿ ಏಳು ಚೌಕಗಳ ಪಟ್ಟಿ ಮಾಡಿ, ನನ್ನ ಕಣ್ಣಿನ ಪಕ್ಕ ಹಿಡಿದ. ತಲೆ ಆಚೆ ಈಚೆ ವಾಲಿಸಿ, ಗೋಡೆಯ ಚೂರಿಗೆ ಬಣ್ಣ ಹೊಂದಿಸುವಾಗ ಮಾಡುವ ಹಾಗೆಯೇ ಒಂದು ಕಣ್ಣು ಮುಚ್ಚಿ ನೋಡಿದ.

“ಐದನೇದು. ಐದನೇದಕ್ಕೂ ಒಂಚೂರು ಮ್ಯಾಲ.”

‘ಐದು, ಮೇಲೆ’ ಎಂದು ಬರೆದುಕೊಂಡೆ. ಹಾಗೆ ಶುರುವಾಯಿತು. ಅವ್ವನಿಗೆ ಇದು ಹುಚ್ಚಾಟ. “ಮಗಳ ಕಣ್ಣೋ, ಯಾರದರ ಮನಿ ಕಂಪೌಂಡೋ?” ಎನ್ನುತ್ತಿದ್ದಳು. ಓಣಿಯವರು ನಿಂತು ನೋಡುತ್ತಿದ್ದರು. ಶರಣವ್ವ ಒಂದು ದಿನ ತನ್ನ ಕಣ್ಣನ್ನೂ ನೋಡೆಂದು ಮುಂದೆ ಬಂದಳು. ಅಪ್ಪ ಪಟ್ಟಿ ಹಿಡಿದು, “ನಿಂದು ಈ ಪಟ್ಟಿಯಾಗ ಇಲ್ಲ, ಶರಣವ್ವ. ಕೆಂಪಿನ ಕಾರ್ಡ್ ತರಬೇಕು,” ಎಂದ. ಎಷ್ಟೋ ದಿನಗಳ ಮೇಲೆ ಅವನು ತಮಾಷೆ ಮಾಡಿದ್ದು ಅದೇ ಮೊದಲು.

ಇಪ್ಪತ್ತಾರು ದಿನಕ್ಕೆ ನಾಲ್ಕನೇ ಚೌಕ. ನಲವತ್ತೇಳಕ್ಕೆ ಮೂರು. ಪ್ರತಿ ತಿಂಗಳ ರಕ್ತಪರೀಕ್ಷೆಯ ಅಂಕಿಯನ್ನು ಅದರ ಪಕ್ಕದಲ್ಲೇ ಬರೆಯುತ್ತಿದ್ದೆ. ಎರಡೂ ಜೊತೆಜೊತೆಯಾಗಿ ಇಳಿದವು. ಮಾತ್ರೆಯಿಂದ ನನ್ನ ಮುಖ ಗುಂಡಗೆ ಊದಿಕೊಂಡಿತು, ಹಸಿವು ತಡೆಯದಂತಾಯಿತು. ಶಾಲೆಗೆ ಮರಳಿದ ದಿನ ಏಳನೇ ತರಗತಿಯ ಹುಡುಗಿಯೊಬ್ಬಳು, “ಟೀಚರ್, ನೀವು ದಪ್ಪ ಆಗಿ ಚಂದ ಕಾಣ್ತೀರಿ,” ಎಂದಳು. ಅದನ್ನೂ ಬರೆದಿಟ್ಟೆ. ತೊಂಬತ್ತೊಂದನೇ ದಿನ ಅಪ್ಪ ಪಟ್ಟಿಯನ್ನು ಬಹಳ ಹೊತ್ತು ಹಿಡಿದು, “ಒಂದನೇದು,” ಎಂದ. ಪಟ್ಟಿಯ ಮೊದಲ ಚೌಕ ಬರೀ ಬಿಳಿ. ಅವ್ವ ಆ ದಿನ ಶೇಂಗಾ ಹೋಳಿಗೆ ಮಾಡಿದಳು.

ಡಾಕ್ಟರ್ ಮಾತ್ರೆ ಇಳಿಸುತ್ತ ಬಂದರು. ಎಂಟರಿಂದ ಆರು, ನಾಲ್ಕು, ಎರಡು. ಆರನೇ ತಿಂಗಳಿಗೆ ಒಂದು. ಎರಡು ತಿಂಗಳಿಗೊಮ್ಮೆ ಬಂದರೆ ಸಾಕು ಎಂದರು. ಮನೆಯಲ್ಲಿ ಎಲ್ಲರೂ ಇದು ಮುಗಿಯಿತು ಎಂದುಕೊಂಡೆವು. ನಾನೂ ಬೆಳಗಿನ ಗಡಿಬಿಡಿಯಲ್ಲಿ, “ಇವತ್ತ ಬಿಡಪ್ಪಾ, ಬಸ್ ತಪ್ಪತೈತಿ,” ಎನ್ನತೊಡಗಿದ್ದೆ. ಅವನು ಬಸ್ ನಿಲ್ದಾಣದವರೆಗೂ ಜೊತೆಗೆ ನಡೆದು ಬಂದು ನೋಡುತ್ತಿದ್ದ. ಇನ್ನೂರ ಹದಿನೆಂಟು ದಿನಗಳಲ್ಲಿ ಅವನು ನೋಡದೆ ಬಿಟ್ಟದ್ದು ಒಂಬತ್ತು ದಿನ ಮಾತ್ರ, ಅದೂ ಬಾದಾಮಿಯಲ್ಲಿ ಕೆಲಸವಿದ್ದಾಗ.

ಇನ್ನೂರ ಹತ್ತೊಂಬತ್ತನೇ ದಿನ, ಗುರುವಾರ. ಪಟ್ಟಿ ಹಿಡಿದವನು ಕೆಳಗಿಳಿಸಲಿಲ್ಲ.

“ಎರಡನೇದು.”

“ನಿನ್ನೆ ಒಂದ ಇತ್ತಲ್ಲ?”

“ನಿನ್ನೆ ಒಂದ. ಇವತ್ತ ಎರಡನೇದು.”

ನಾನು ಕನ್ನಡಿ ತಂದು ಬಿಸಿಲಲ್ಲಿ ನೋಡಿಕೊಂಡೆ. ಬಿಳಿಯಾಗಿಯೇ ಇತ್ತು. ಅವ್ವ ನೋಡಿದಳು, “ಹಾಲಿನಂಗ ಅದಾವು, ಏನ ಹೇಳ್ತೀರಿ ನೀವು? ಬಿಟ್ಟೂಬಿಡದ ನೋಡಿ ನಿಮ್ಮ ಕಣ್ಣ ಕೆಟ್ಟಾವ,” ಎಂದು ಸಿಟ್ಟಾದಳು. ನನಗೆ ಹೊಟ್ಟೆ ತೊಳಸುತ್ತಿರಲಿಲ್ಲ, ತುರಿಕೆ ಇರಲಿಲ್ಲ. ಡಾಕ್ಟರ್ ಕೊಟ್ಟ ದಿನಕ್ಕೆ ಇನ್ನೂ ಮೂರು ವಾರವಿತ್ತು. ಶಾಲೆಯಲ್ಲಿ ಪರೀಕ್ಷೆ ನಡೆಯುತ್ತಿತ್ತು.

“ಮೂರ ವಾರ ಬಿಟ್ಟ ಹೋಗೂಣಪ್ಪಾ,” ಎಂದೆ.

“ಒಮ್ಮೆ ನನಗ ಕಾಣಲಿಲ್ಲ,” ಎಂದ ಅಪ್ಪ. ಎಂಟು ತಿಂಗಳಲ್ಲಿ ಆ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು. “ಈಗ ಕಂಡೈತಿ. ಕಂಡಮ್ಯಾಲ ಕುಂದರಂಗಿಲ್ಲ ನಾ. ನೀ ಬರದಿದ್ರ ಹೊತಗೊಂಡ ಹೋಗ್ತೇನಿ.”

ಹೋದೆವು. ಡಾಕ್ಟರ್ ಕಿಟಕಿಯ ಹತ್ತಿರ ನೋಡಿ, ತಮಗೆ ಖಚಿತವಿಲ್ಲ ಎಂದರು. ರಕ್ತ ಕೊಟ್ಟು, ಮೂರು ತಾಸು ಅದೇ ಗುಳ್ಳೆ ಎದ್ದ ಗೋಡೆಯ ಪಕ್ಕ ಕಾಯ್ದೆವು. ಅಪ್ಪ ಈ ಸಲ ಗೋಡೆ ಮುಟ್ಟಲಿಲ್ಲ. ವರದಿ ಬಂತು: ಅಂಕಿ ಮತ್ತೆ ಏರಲು ಶುರುವಾಗಿತ್ತು. ಇನ್ನೂ ಮೂರು ವಾರ ಬಿಟ್ಟಿದ್ದರೆ ಮತ್ತೆ ಹಾಸಿಗೆ ಹಿಡಿಯುತ್ತಿದ್ದೆ ಎಂದರು ಡಾಕ್ಟರ್. ಮಾತ್ರೆ ಒಂದರಿಂದ ನಾಲ್ಕಕ್ಕೆ ಏರಿತು. ಇನ್ನೊಂದು ಬಗೆಯ ಮಾತ್ರೆಯೂ ಸೇರಿತು. ಇನ್ನು ಮೇಲೆ ಪೂರ್ತಿ ನಿಲ್ಲಿಸುವ ಯೋಚನೆ ಬೇಡ ಎಂದೂ ಹೇಳಿದರು. “ಯಾರಿಗೆ ಮೊದಲ ಗೊತ್ತಾತು?” ಎಂದು ಕೇಳಿದರು. ನಾನು ಅಪ್ಪನ ಕಡೆ ಕೈ ತೋರಿಸಿ, ಪಟ್ಟಿಯ ಕಥೆ ಹೇಳಿದೆ. ಅವರು ಏಳು ಚೌಕಗಳ ಆ ಕಾಗದವನ್ನು ಕೈಯಲ್ಲಿ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿ, ಎರಡೂ ಕೈಯಿಂದ ಅಪ್ಪನಿಗೆ ಮರಳಿಸಿದರು.

ಬಸ್ಸಿನಲ್ಲಿ ಅಪ್ಪ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದ.

“ನಿನ್ನ ಕಣ್ಣ ಖರೆ ಆತಲ್ಲಪ್ಪಾ,” ಎಂದೆ. ಅವನಿಗೆ ಸಮಾಧಾನವಾಗಲಿ ಎಂದು ಅಂದದ್ದು.

“ಈ ಸಲ ಸುಳ್ಳ ಆಗಬೇಕಿತ್ತು,” ಎಂದ.

ಮಾತ್ರೆಗಳು ನನ್ನ ಜೊತೆಗೇ ಇರುತ್ತವೆ ಎಂಬುದು ನನಗೆ ಅರ್ಥವಾದದ್ದು ಡಾಕ್ಟರ್ ಹೇಳಿದಾಗಲ್ಲ, ಅಪ್ಪನ ಆ ಮಾತು ಕೇಳಿದಾಗ.

ಈಗ ಎರಡನೇ ವರ್ಷ ನಡೆಯುತ್ತಿದೆ. ದಿನಕ್ಕೆ ಎರಡು ಮಾತ್ರೆ. ಆಗೊಮ್ಮೆ ಈಗೊಮ್ಮೆ ಸುಸ್ತು. ಮುಖದ ಊತ ಬಹಳಷ್ಟು ಇಳಿದಿದೆ. ಹೊಸದಾಗಿ ಈ ರೋಗದ ಹೆಸರು ಕೇಳಿ ಬಂದು ಕಾಯುವ ಕೋಣೆಯಲ್ಲಿ ಕುಳಿತವರಿಗೆ ನಾನು ಹೇಳಬಲ್ಲದ್ದು ಸ್ವಲ್ಪವೇ. ಆ ಆರು ತಾಸು ಮುಗಿಯುತ್ತದೆ. ತುರಿಕೆ ನಿಲ್ಲುತ್ತದೆ. ನಿಮ್ಮ ಮನೆಯವರು ಏನೇನೋ ತಪ್ಪು ಮಾಡುತ್ತಾರೆ, ಗೋಡೆಗೆ ಚಾದರ ಕಟ್ಟುತ್ತಾರೆ. ಕಟ್ಟಲಿ ಬಿಡಿ, ಅವರಿಗೂ ಕೈಗೆ ಒಂದು ಕೆಲಸ ಬೇಕು. ಆದರೆ ಅಷ್ಟರಲ್ಲೇ ಯಾರನ್ನಾದರೂ ಕರೆದು ಹೊರಗಿನ ಬೆಳಕಿನಲ್ಲಿ ನಿಮ್ಮ ಕಣ್ಣು ನೋಡಲು ಹೇಳಿ.

ಕಳೆದ ವಾರ ಇಳಕಲ್‌ನಲ್ಲಿ ನೇಕಾರರೊಬ್ಬರ ಮನೆಯ ಕೆಲಸ ಅಪ್ಪನಿಗೆ ಬಂತು. ಶಾಲೆ ಬಿಟ್ಟ ಮೇಲೆ ಅವನ ಜೊತೆಗೇ ಊರಿಗೆ ಮರಳೋಣವೆಂದು ಅಲ್ಲಿಗೆ ಹೋಗಿದ್ದೆ. ನಮ್ಮದಕ್ಕಿಂತ ಕತ್ತಲೆಯ ಮನೆ. ಮಗ್ಗದ ಕುಣಿಯ ಹತ್ತಿರ ನಡುಹಗಲಲ್ಲೂ ಎಳೆ ಕಾಣುತ್ತಿರಲಿಲ್ಲ. ಮನೆಯ ಯಜಮಾನರು, “ಯಾವ ಬಣ್ಣ ಹಚ್ಚಿದ್ರ ಬೆಳಕಾದೀತು, ದಾವಲಣ್ಣ?” ಎಂದು ಕೇಳಿದರು. ಅಪ್ಪ ಗೋಡೆ ನೋಡಿದ, ಮಗ್ಗ ನೋಡಿದ, ಮೂಲೆಯಲ್ಲಿ ಕುಳಿತು ಹೋಂವರ್ಕ್ ಬರೆಯುತ್ತಿದ್ದ ಅವರ ಇಬ್ಬರು ಹೆಣ್ಣುಮಕ್ಕಳನ್ನು ನೋಡಿದ.

“ಹಳದಿ,” ಎಂದ. “ಒಂಚೂರು ಕೆಂಪ ಬೆರೆಸಿ. ಆದ್ರ ಒಂದ ಮಾತು. ದಿನಾ ಮುಂಜಾನೆ ಈ ಹುಡಿಗೇರನ್ನ ಬಾಗಲ ಹೊರಗ ನಿಲ್ಲಿಸಿ ಒಮ್ಮೆ ಮಾರಿ ನೋಡಬೇಕು. ಒಳಗಲ್ಲ, ಹೊರಗ.”

ಯಜಮಾನರು ನಕ್ಕರು. “ಇದೇನಪ್ಪಾ, ಹೊಸಾ ನಮೂನ್ಯಾಗ ಗ್ಯಾರಂಟಿ?”

“ಹೂಂ ಅಂದ್ರ ಹಚ್ಚತೇನಿ,” ಎಂದ ಅಪ್ಪ, ಬಕೆಟ್ಟಿನ ಮುಚ್ಚಳದ ಮೇಲೆ ಕೈಯಿಟ್ಟುಕೊಂಡು. ಅವರು ನಗು ನಿಲ್ಲಿಸಿ ಹೂಂ ಅನ್ನುವವರೆಗೂ ಅವನು ಮುಚ್ಚಳ ತೆಗೆಯಲಿಲ್ಲ.